ನಾವು ನೋಡದೆ ಎದ್ದುಬಂದ ಕೊನೆ

ಎಲೆಕ್ಟ್ರಿಕ್ ರೈಲಿನ ಕೂಗು ಕಿವಿಗೆ ಬಿದ್ದರೆ ಇವತ್ತಿಗೂ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಈಗ ನಾನಿರುವ ಬೆಸೆಂಟ್ ನಗರದಲ್ಲಿ ರೈಲಿಲ್ಲ, ಸಮುದ್ರದ ಸದ್ದೊಂದೇ. ಮೊನ್ನೆ ಎಗ್ಮೋರ್ ಕಡೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಮಾತ್ರ, ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದವಳು ಆ ಕೂಗು ಕೇಳಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಸರದಿ ಬಂತೆಂದುಕೊಂಡು ಕಾಲು ಮಡಚಿ ದಾರಿ ಬಿಟ್ಟಳು. ನಗು ಬಂತು. ಹೀಗೆ ಎದ್ದು ನಿಲ್ಲುವ ಚಾಳಿಯನ್ನು ನನಗೆ ಕಲಿಸಿದವರಲ್ಲಿ ಒಬ್ಬರೂ ಈಗ ಉಳಿದಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಇದ್ದದ್ದು ಕ್ರೋಂಪೇಟೆಯಲ್ಲಿ, ಹಳಿಯಿಂದ ಕೂಗಳತೆ ದೂರದಲ್ಲಿ. ಬಾಡಿಗೆಯ ಹೆಂಚಿನ ಮನೆ. ಹಿಂದುಗಡೆ ಉಪ್ಪು ನೀರಿನ ಬಾವಿ, ಮುಂದುಗಡೆ ಹಸಿರು ಬಣ್ಣ ಬಳಿದ ಬಾಗಿಲು, ಅದಕ್ಕೊಂದು ಕಬ್ಬಿಣದ ಚಿಲಕ, ಪಕ್ಕದಲ್ಲೇ ಸರಳಿನ ಕಿಟಕಿ. ಒಳಗೆ ನಾವು ಐದು ಜನ. ಅಪ್ಪ ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿದ್ದರು. ಯಾವ ಗಾಡಿ ಯಾವ ಸ್ಟೇಷನ್ ದಾಟಿತು, ಎಷ್ಟು ನಿಮಿಷ ತಡವಾಯಿತು ಎಂದು ದಿನವಿಡೀ ಫೋನು ಹಿಡಿದು ಬರೆದುಕೊಳ್ಳುವ ಕೆಲಸ. ಮೈಸೂರು ಕಡೆಯಿಂದ ಅಪ್ಪನ ಜೊತೆ ಬಂದು, ಇಪ್ಪತ್ತು ವರ್ಷವಾದರೂ ತರಕಾರಿಯವಳ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದ ಅಜ್ಜಿ. ಅಮ್ಮ. ಸ್ಕೂಲಿನಿಂದ ತಮಿಳನ್ನು ಹೊತ್ತು ತರುತ್ತಿದ್ದ ನಾನು. ಮತ್ತೆ ಅಪ್ಪನ ತಂಗಿ ಜಯತ್ತೆ. ಜಯತ್ತೆಯ ಗಂಡ ಕೆಲಸ ನೋಡುತ್ತೇನೆಂದು ನಾಗಪುರಕ್ಕೆ ಹೋದವನು ಎರಡು ಕಾಗದ ಬರೆದು ಸುಮ್ಮನಾಗಿದ್ದ. ಆಮೇಲೆ ಆರು ವರ್ಷ ಸುದ್ದಿಯೇ ಇರಲಿಲ್ಲ. ಅತ್ತೆ ಟೈಪಿಂಗ್ ಕಲಿತು ಒಂದು ವಿಮೆ ಆಫೀಸಿಗೆ ಸೇರಿಕೊಂಡಳು. ದಿನಾ ಬೆಳಿಗ್ಗೆ ದಪ್ಪ ಕುಂಕುಮ ಇಟ್ಟುಕೊಂಡು, ಸೀಸನ್ ಟಿಕೆಟ್ಟನ್ನು ರವಿಕೆಯೊಳಗೆ ಸೇರಿಸಿ ಹೊರಡುತ್ತಿದ್ದಳು. ಅವಳು ಬಗ್ಗಿ ನನ್ನ ಜಡೆ ಹಾಕುವಾಗ ಬೆರಳಿನಿಂದ ಟೈಪ್ ಮಿಷನ್ನಿನ ಶಾಯಿಪಟ್ಟಿಯ ವಾಸನೆ ಬರುತ್ತಿತ್ತು. ಅದು ನನಗೆ ಮಲ್ಲಿಗೆಗಿಂತ ಇಷ್ಟ.

ತಿಂಗಳಿಗೊಂದು ಶನಿವಾರ ಮ್ಯಾಟಿನಿಗೆ ಹೋಗುವುದು ನಮ್ಮ ಮನೆಯ ಹಬ್ಬ. ಎಗ್ಮೋರ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಥಿಯೇಟರು. ಆದರೆ ಆ ಹಬ್ಬಕ್ಕೊಂದು ಕಟ್ಟಳೆಯಿತ್ತು. ಐದು ಇಪ್ಪತ್ತೆರಡರ ರೈಲು ಹಿಡಿಯಲೇಬೇಕು. ಅದು ತಪ್ಪಿದರೆ ಮುಂದಿನದರಲ್ಲಿ ಆಫೀಸು ಬಿಟ್ಟ ಜನ ಇರುವೆಗಳ ಹಾಗೆ ಮುತ್ತುತ್ತಾರೆ, ಅಜ್ಜಿಯನ್ನು ಹತ್ತಿಸುವುದು ಆಗದ ಮಾತು. ಜೊತೆಗೆ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ಅಜ್ಜಿಯ ಹಟ. ಹಾಗಾಗಿ ಪರದೆಯ ಮೇಲೆ ಏನೇ ನಡೆಯುತ್ತಿರಲಿ, ಐದು ದಾಟಿ ಐದಾರು ನಿಮಿಷಕ್ಕೆ ಅಪ್ಪ ಕೈಗಡಿಯಾರ ನೋಡಿಕೊಂಡು ಮೆಲ್ಲಗೆ “ಏಳಿ” ಎನ್ನುತ್ತಿದ್ದರು. ನಾಯಕನ ಎದೆಗೆ ಚಾಕು ಮುಟ್ಟಿದ್ದರೂ ಸರಿಯೇ, ನಾವು ಐವರೂ ಸಾಲಾಗಿ, ಪಕ್ಕದವರ ಮಂಡಿಗೆ ತಗುಲುತ್ತಾ, ಬೈಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದೆವು. ನಿಮಗೆ ನಗು ಬರಬಹುದು. ನನ್ನ ಬಾಲ್ಯವಿಡೀ ನಾನು ಒಂದು ಸಿನಿಮಾದ ಕೊನೆಯನ್ನೂ ನೋಡಲಿಲ್ಲ.

ನೋಡದಿದ್ದರೇನಂತೆ, ಕೊನೆಯನ್ನು ನಾವೇ ಕಟ್ಟುತ್ತಿದ್ದೆವು. ರೈಲು ಚೇತ್‌ಪೇಟ್ ದಾಟುವಷ್ಟರಲ್ಲಿ ಅಪ್ಪ ಶುರುಮಾಡಬೇಕು, ಗಿಂಡಿ ಬರುವಷ್ಟರಲ್ಲಿ ಎಲ್ಲರ ಸರದಿ ಮುಗಿಯಬೇಕು. ಅಪ್ಪನ ಕೊನೆಗಳಲ್ಲಿ ಪೊಲೀಸರು ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಅಜ್ಜಿಯ ಕೊನೆಗಳಲ್ಲಿ ಮದುವೆಯಾಗುತ್ತಿತ್ತು, ಇಲ್ಲವೇ ತೊಟ್ಟಿಲು ತೂಗುತ್ತಿತ್ತು. ಅಜ್ಜಿಗೆ ಅರಿವೆ ಚಿಂತೆ ಎನ್ನುವ ಹಾಗೆ ಅಮ್ಮನಿಗೆ ಸದಾ ಊಟದ ಚಿಂತೆ. ಅವಳ ಕೊನೆಯಲ್ಲಿ ಖಳನೂ ಸೇರಿ ಎಲ್ಲರೂ ಎಲೆ ಮುಂದೆ ಕೂರುತ್ತಿದ್ದರು. ಜಯತ್ತೆ ಮಾತ್ರ ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದಳೇ ಹೊರತು ತಾನಾಗಿ ಏನೂ ಹೇಳುತ್ತಿರಲಿಲ್ಲ. ಅಜ್ಜಿ ಒಪ್ಪಿದ ಕೊನೆ ನಮ್ಮ ಮನೆಯ ಕೊನೆ. ಒಂದು ಸಲ ಕ್ಲಾಸಿನಲ್ಲಿ, ಇಂಥ ಸಿನಿಮಾದ ನಾಯಕ ಮಗುವನ್ನು ಎತ್ತಿಕೊಂಡು ಊರಿಗೆ ಹೋಗುತ್ತಾನೆ ಎಂದು ನಾನು ಹೇಳಿದ್ದಕ್ಕೆ ಪಕ್ಕದ ಹುಡುಗಿ, ಅವನು ಸತ್ತೇಹೋಗುತ್ತಾನಲ್ಲೇ, ನಾನು ಅತ್ತಿದ್ದೇನೆ ಎಂದಳು. ನಾನು ದಂಗಾದೆ. ಮನೆಗೆ ಬಂದು ಹೇಳಿದರೆ ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತಾ, ಅವರ ಮನೆಯಲ್ಲಿ ಸತ್ತಿರಬಹುದು ಎಂದಳು.

ನಾನು ಹನ್ನೊಂದು ವರ್ಷದವಳಿದ್ದಾಗ ಆ ಸಿನಿಮಾ ಬಂತು. ಹೊಲಿಗೆ ಮಾಡಿ ಬದುಕುವ ಒಬ್ಬ ಹೆಂಗಸು. ಗಂಡ ಬಿಟ್ಟು ಹೋಗಿ ವರ್ಷಗಳಾಗಿವೆ. ಹಾಡು ಕಡಿಮೆ, ಕುಣಿತ ಇಲ್ಲ. ಅಜ್ಜಿ ಎರಡು ಸಲ ಆಕಳಿಸಿದಳು. ಆಮೇಲೆ ಆ ಗಂಡ ಒಂದು ಚೀಲ ಹಿಡಿದು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ನಮ್ಮ ಸಾಲಿನಲ್ಲಿ ಯಾರೂ ಜಯತ್ತೆಯ ಕಡೆ ನೋಡಲಿಲ್ಲ. ನೋಡದೇ ಇರುವುದು ಎಷ್ಟು ಕಷ್ಟವೆಂದು ನನಗೆ ಆವತ್ತು ತಿಳಿಯಿತು. ಅವನು ಬಾಗಿಲು ತಟ್ಟಿದ. ಹೊಲಿಗೆ ಮಿಷನ್ನು ನಿಂತಿತು. ಅಪ್ಪ “ಏಳಿ” ಎಂದರು. ನಾನು ಹಿಂದು ಹಿಂದಕ್ಕೆ ನಡೆಯುತ್ತಾ ನೋಡಿದೆ. ಅವನು ಎರಡನೆಯ ಸಲ ತಟ್ಟಿದ, ಅವಳು ಎದ್ದಳು, ಬಾಗಿಲ ಕಡೆ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಥಿಯೇಟರಿನ ಬಾಗಿಲಿಗೆ ಇಳಿಬಿಟ್ಟಿದ್ದ ದಪ್ಪ ಪರದೆ ನನ್ನ ಮುಖಕ್ಕೆ ಬಡಿದು ನಾವು ಬಿಸಿಲಿನಲ್ಲಿದ್ದೆವು.

ಆವತ್ತು ಅಪ್ಪ ಶುರುಮಾಡಿದ್ದೇ ನುಂಗಂಬಾಕ್ಕಂ ಬಂದ ಮೇಲೆ. ಬಾಗಿಲು ತೆಗೆಯುತ್ತಾಳೆ, ಅವನು ಕ್ಷಮೆ ಕೇಳುತ್ತಾನೆ ಎಂದರು. ಅಜ್ಜಿ, ಗಂಡ ಬಂದು ನಿಂತರೆ ತೆಗೆಯದೇ ಇರುತ್ತಾಳೆಯೇ, ಇದನ್ನೂ ಕೇಳಬೇಕೇ ಎಂದಳು. ಎಂದಿನಂತೆ ಊಟದ ಎಲೆ ಹಾಕಿಸಿ ಕಥೆ ಮುಗಿಸಬೇಕಾಗಿದ್ದ ಅಮ್ಮ ಮಾತ್ರ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ತೆಗೀಬಾರ್ದು” ಎಂದುಬಿಟ್ಟಳು. ಅಜ್ಜಿ ಅಮ್ಮನನ್ನು ದುರುಗುಟ್ಟಿ ನೋಡಿದಳು. ಆಗ ಎಲ್ಲರೂ ಜಯತ್ತೆಯ ಕಡೆ ತಿರುಗಿದೆವು. ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದಳು. “ತೆಗೀತಾಳಮ್ಮ,” ಎಂದಳು. ಅಜ್ಜಿಯ ಕಣ್ಣಲ್ಲಿ ನೀರು ಬಂತು. ಅದಾದ ಮೇಲೆ ಮನೆಗೆ ಬಂದವರಿಗೆಲ್ಲ ಅಜ್ಜಿ ಆ ಸಿನಿಮಾದ ಕಥೆ ಹೇಳುತ್ತಿದ್ದಳು, ಬಾಗಿಲು ತೆಗೆಯುವುದನ್ನೂ ಸೇರಿಸಿ.

ಎರಡು ವಾರ ಕಳೆದಿರಬೇಕು. ಪೆನ್ಸಿಲ್ ಹುಡುಕಿಕೊಂಡು ಅತ್ತೆಯ ಊಟದ ಚೀಲಕ್ಕೆ ಕೈಹಾಕಿದರೆ ಅದೇ ಥಿಯೇಟರಿನ ಅರ್ಧ ಹರಿದ ಗುಲಾಬಿ ಟಿಕೆಟ್ಟು ಸಿಕ್ಕಿತು. ಆಫೀಸಿಗೆ ರಜೆ ಹಾಕಿ, ಒಬ್ಬಳೇ ಹೋಗಿ, ಕೊನೆಯ ತನಕ ಕೂತು ಬಂದಿದ್ದಳು. ನಮ್ಮ ವಂಶದಲ್ಲೇ ಯಾರೂ ಮಾಡದ ಸಾಹಸ. ಟಿಕೆಟ್ಟು ತೋರಿಸಿದಾಗ ಅವಳು ಎಲ್ಲ ಒಪ್ಪಿಕೊಂಡು, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಳು. ನಾನು ಕೇಳಿದ್ದು ಒಂದೇ, ಅವಳು ಬಾಗಿಲು ತೆಗೆಯುತ್ತಾಳಾ ಎಂದು. ಜಯತ್ತೆ ನನ್ನನ್ನು ತಿರುಗಿಸಿ ಕೂರಿಸಿ, ಬಿಚ್ಚಿದ್ದ ಜಡೆಯನ್ನು ಮತ್ತೆ ಹೆಣೆಯತೊಡಗಿದಳು. ನನಗೆ ಅವಳ ಮುಖ ಕಾಣುತ್ತಿರಲಿಲ್ಲ.

“ಹೇಳಿದ್ನಲ್ಲೇ ಪುಟ್ಟಿ. ತೆಗೀತಾಳೆ.”

ಅಲ್ಲಿಗೆ ನನಗೆ ಅನುಮಾನ ಉಳಿಯಲಿಲ್ಲ. ಮಿಕ್ಕವರದೆಲ್ಲ ಊಹೆ, ಅತ್ತೆ ಕಣ್ಣಾರೆ ಕಂಡು ಬಂದವಳು.

ಮರುವರ್ಷದ ಬೇಸಿಗೆ, ಒಂದು ಭಾನುವಾರ ಮಧ್ಯಾಹ್ನ. ಅಪ್ಪ ಡ್ಯೂಟಿಗೆ ಹೋಗಿದ್ದರು, ಅಮ್ಮ ಪಕ್ಕದ ಬೀದಿಯಲ್ಲಿ ಹಪ್ಪಳಕ್ಕೆ ಕೈಜೋಡಿಸಲು ಹೋಗಿದ್ದಳು, ಅಜ್ಜಿ ನಡುಮನೆಯಲ್ಲಿ ನೆಲದ ಮೇಲೆ ನಿದ್ದೆ ಹೋಗಿದ್ದಳು. ಜಯತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಯಾರೋ ಬಾಗಿಲು ತಟ್ಟಿದರು. ಅತ್ತೆ ಕೂತಲ್ಲಿಂದಲೇ ಕಿಟಕಿಯಾಚೆ ನೋಡಿದಳು. ಅವಳ ಕೈಯಲ್ಲಿದ್ದ ಅಕ್ಕಿ ಕಾಳು ಕಾಳಾಗಿ ಜಾರಿತು. ನಾನು ಇಣುಕಿದೆ. ಮದುವೆಯ ಫೋಟೋದಲ್ಲಿದ್ದ ಮುಖವೇ, ಬಡಕಲಾಗಿತ್ತು, ಕೈಯಲ್ಲೊಂದು ಚೀಲ. ಸಿನಿಮಾ ನಮ್ಮ ಮನೆಗೇ ಬಂದಿತ್ತು. ಅವನು ಎರಡನೆಯ ಸಲ ತಟ್ಟಿದ. ಅತ್ತೆ ಎದ್ದಳು, ನಿಧಾನವಾಗಿ ನಡೆದು ಹೋಗಿ ಚಿಲಕದ ಮೇಲೆ ಕೈ ಇಟ್ಟಳು. ಇಟ್ಟು ಹಾಗೇ ನಿಂತಳು.

ಖುಷಿಗೆ ಏನೂ ತೋಚುತ್ತಿಲ್ಲವೇನೋ ಎಂದುಕೊಂಡೆ. ನಾನು ತಮಿಳಿನಲ್ಲಿ, “ತೊರಂಗೊ ಅತ್ತೆ, ಮಾಮಾ ವಂದಿರುಕ್ಕಾರ್,” ಎಂದೆ. ಮಾವ ಬಂದಿದ್ದಾರೆ, ತೆಗೆಯಿರಿ ಎಂದರೂ ಅವಳು ತಿರುಗಲಿಲ್ಲ. ಮೂರನೆಯ ಸಲ ತಟ್ಟಿದ ಸದ್ದಾಯಿತು. ಆಗ ಜಯತ್ತೆಯ ಕೈ ಚಿಲಕದಿಂದ ಕೆಳಗಿಳಿಯಿತು. ಅದನ್ನು ನಾನು ನೋಡಿದೆ. ನೋಡಿಯೂ ನನಗೆ ಅರ್ಥವಾಗಲಿಲ್ಲ. ಕೊನೆ ಗೊತ್ತಿದ್ದವಳು ನಾನು! ಅವಳ ತೋಳಿನ ಕೆಳಗೆ ತೂರಿ, ತುದಿಗಾಲಲ್ಲಿ ನಿಂತು, ಚಿಲಕ ಎತ್ತಿಬಿಟ್ಟೆ.

ಶಹಬ್ಬಾಸ್ ಎನ್ನುತ್ತಾಳೆಂದು ಮುಖ ಎತ್ತಿ ನೋಡಿದರೆ, ಆ ಮುಖ ನನ್ನ ಅತ್ತೆಯದಾಗಿರಲಿಲ್ಲ. ರಕ್ತವೆಲ್ಲ ಇಳಿದುಹೋಗಿ ಕುಂಕುಮವೊಂದೇ ಉಳಿದಿತ್ತು. ಕೋಪವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಯಾರೋ ಹಿಂದಿನಿಂದ ತಳ್ಳಿದಾಗ ಬಾವಿಗೆ ಬೀಳುವವರ ಮುಖ ಅದು. ಅಷ್ಟು ಹೊತ್ತಿಗೆ ಸದ್ದಿಗೆ ಎದ್ದ ಅಜ್ಜಿ ಅಳಿಯನನ್ನು ಕಂಡು ದೇವರ ಹೆಸರು ಹೇಳುತ್ತಾ ಅಳಲು ಶುರುಮಾಡಿದ್ದಳು.

ಆಮೇಲಿನದೆಲ್ಲ ಅಜ್ಜಿ ಕಟ್ಟಿದ ಕೊನೆಯ ಹಾಗೇ ನಡೆಯಿತು. ಕಾಫಿಯಾಯಿತು, ಪಾಯಸವಾಯಿತು. ಆರು ವರ್ಷ ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ. ಅಪ್ಪ ಕೇಳಿದ್ದು ಯಾವ ಗಾಡಿಗೆ ಬಂದಿರಿ ಎಂದು. ಅಮ್ಮ ಒಬ್ಬಳೇ ಬಾವಿಕಟ್ಟೆಯ ಹತ್ತಿರ ಜಯತ್ತೆಯನ್ನು ನಿಲ್ಲಿಸಿಕೊಂಡು ಏನೋ ಮೆತ್ತಗೆ ಹೇಳುತ್ತಿದ್ದಳು. ಅತ್ತೆ ತಲೆಯಾಡಿಸಿ, ಒಳಗೆ ಕರೆದಾಗಿದೆಯಲ್ಲ ಅತ್ತಿಗೆ, ಈಗ ಹೇಗೆ ಕಳಿಸುವುದು ಎಂದಳು. ಆರನೆಯ ದಿನ ಅವಳು ಟ್ರಂಕು ಕಟ್ಟಿ ಗಂಡನ ಹಿಂದೆ ನಾಗಪುರಕ್ಕೆ ಹೊರಟಳು. ಕೆಲಸಕ್ಕೆ ರಾಜೀನಾಮೆ ಬರೆದದ್ದೂ ತಾನೇ ಟೈಪು ಮಾಡಿ. ಹೊರಡುವಾಗ ನನ್ನ ಜಡೆ ಹಾಕಿದಳು, ಎಂದಿಗಿಂತ ಬಿಗಿಯಾಗಿ. ರಿಬ್ಬನ್ ಗಂಟು ಹಾಕಿ, ಕಿವಿಯ ಹತ್ತಿರ ಬಗ್ಗಿ, “ನಾನು ತೆಗೀತಿರ್ಲಿಲ್ಲ ಕಣೇ ಪುಟ್ಟಿ,” ಎಂದಳು. ಬೈಗುಳವಲ್ಲ, ಗಂಟೆ ಎಷ್ಟೆಂದು ಹೇಳುವ ಹಾಗೆ. ರೈಲಿನ ಕೂಗು ಕೇಳಿತು, ಎಲ್ಲರೂ ಎದ್ದರು.

ಮಾವ ಎರಡು ವರ್ಷ ಜೊತೆಗಿದ್ದು ಮತ್ತೆ ಎಲ್ಲಿಗೋ ಹೋದನಂತೆ. ಅಪ್ಪ ಎಷ್ಟು ಬರೆದರೂ ಅತ್ತೆ ವಾಪಸು ಬರಲಿಲ್ಲ. ಅಲ್ಲೇ ಯಾವುದೋ ಆಫೀಸಿನಲ್ಲಿ ಟೈಪಿಸ್ಟಾದಳು. ಅವಳ ಕಾಗದಗಳಲ್ಲಿ ಕ್ಷೇಮ ಎಂಬ ಮಾತು ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಅಜ್ಜಿ ಸತ್ತಾಗ ಬಂದು, ಹದಿಮೂರು ದಿನವಿದ್ದು, ನನ್ನ ತಲೆ ಸವರಿ ಹೋದಳು. ಆವತ್ತಾದರೂ ಕಾಲಿಗೆ ಬಿದ್ದು ತಪ್ಪಾಯಿತೆಂದು ಹೇಳಬಹುದಿತ್ತು. ಎಂಬತ್ತರ ದಶಕದ ನಡುವಿನಲ್ಲಿ, ಕಾಮಾಲೆಯಿಂದ ತೀರಿಕೊಂಡಳೆಂದು ತಂತಿ ಬಂತು. ಅವಳಿಗಿನ್ನೂ ನಲವತ್ತಾಗಿರಲಿಲ್ಲ.

ಅದಾದ ವರ್ಷ, ಪಕ್ಕದ ಮನೆಯ ಟಿ.ವಿ.ಯಲ್ಲಿ ಒಂದು ಭಾನುವಾರ ಸಂಜೆ ಆ ಸಿನಿಮಾ ಹಾಕಿದರು. ಅಪ್ಪ ಆಗಲೇ ರಿಟೈರಾಗಿದ್ದರು. ಅಪ್ಪ, ಅಮ್ಮ, ನಾನು ಬೀದಿಯವರ ನಡುವೆ ಚಾಪೆಯ ಮೇಲೆ ಕೂತೆವು. ಹಿಡಿಯಬೇಕಾದ ರೈಲು ಯಾವುದೂ ಇರಲಿಲ್ಲ. ಗಂಡ ಬಂದ, ತಟ್ಟಿದ, ಹೊಲಿಗೆ ಮಿಷನ್ನು ನಿಂತಿತು. ಅಪ್ಪ ಎಂದೋ ನಮ್ಮನ್ನು ಎಬ್ಬಿಸಿದ್ದ ಜಾಗವನ್ನು ನಾವು ಮೂವರೂ ಕೂತೇ ದಾಟಿದೆವು. ಅವಳು ಎದ್ದು ಬಂದು ಚಿಲಕದ ಮೇಲೆ ಕೈ ಇಟ್ಟಳು. ಮೂರನೆಯ ಸಲ ತಟ್ಟಿದ ಸದ್ದು. ಆ ಕೈ ಅಲ್ಲಾಡಲಿಲ್ಲ. ಅದರ ಮೇಲೆಯೇ ‘ವಣಕ್ಕಂ’, ಅಂದರೆ ನಮಸ್ಕಾರ, ಎಂಬ ತಮಿಳು ಅಕ್ಷರಗಳು ಮೂಡಿದವು. ಸಿನಿಮಾ ಮುಗಿದಿತ್ತು.

ಪುಟ್ಟ ಸಿನಿಮಾ ಅದು. ನಾವು ತಪ್ಪಿಸಿಕೊಂಡೆವೆಂದು ನಂಬಿದ್ದ ಹತ್ತು ನಿಮಿಷ ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಒಂದು ನಿಮಿಷ, ಅದರಲ್ಲಿ ಒಂದು ಕೈ. “ಇಷ್ಟೇನಾ?” ಎಂದರು ಅಪ್ಪ, ತಮ್ಮ ಗಡಿಯಾರವಿಲ್ಲದ ಮಣಿಕಟ್ಟನ್ನು ನೋಡಿಕೊಳ್ಳುತ್ತಾ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುತ್ತ ಕೂತವರಲ್ಲಿ ಆಗಲೇ ವಾದ ಹತ್ತಿತ್ತು. ಖಂಡಿತ ತೆಗೆಯುತ್ತಾಳೆ ಎಂದರು ಒಬ್ಬರು, ಮಣ್ಣು ತೆಗೆಯುತ್ತಾಳೆ ಎಂದರು ಇನ್ನೊಬ್ಬರು. ಮನೆಯಾಕೆ ನನ್ನ ಕಡೆ ತಿರುಗಿ, ಕಾಲೇಜು ಓದುವವಳು, ನೀನು ಹೇಳು ಎಂದರು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಜಯತ್ತೆ ಅದನ್ನು ನೋಡಿ ಬಂದಿದ್ದಳು. ಕೊನೆಯೇ ಇಲ್ಲವೆಂದು ಗೊತ್ತಿದ್ದೂ ನನ್ನ ಜಡೆ ಹೆಣೆಯುತ್ತಾ ತೆಗೆಯುತ್ತಾಳೆ ಎಂದಿದ್ದಳು. ಅಜ್ಜಿಯ ನೆಮ್ಮದಿ ಕೆಡದಿರಲಿ ಎಂದೋ, ಚಿಕ್ಕ ಹುಡುಗಿಗೆ ಇನ್ನೇನು ಹೇಳುವುದು ಎಂದೋ, ನನಗೆ ತಿಳಿಯದು. ಹೇಳುವ ಕೊನೆ ಬೇರೆ, ತನ್ನ ಕೈಯಲ್ಲಿರುವ ಕೊನೆ ಬೇರೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆ ಹಸಿರು ಬಾಗಿಲು, ಬಾವಿ, ಮನೆ ಯಾವುದೂ ಈಗಿಲ್ಲ. ಅಪ್ಪ, ಅಮ್ಮ ಇಬ್ಬರೂ ಹೋದರು. ರೈಲಿನಲ್ಲಿ ಕೂತು ಕೊನೆ ಕಟ್ಟಲು ನಾನೊಬ್ಬಳೇ. ನಿಮ್ಮ ಮನೆಗಳಲ್ಲೂ ಇಂಥ ಒಬ್ಬಳು ಅತ್ತೆ ಇದ್ದಿರಬಹುದು, ನಿಮಗೆ ಅರ್ಥವಾದೀತು. ನನ್ನ ಮೊಮ್ಮಗಳು ಗೇಲಿ ಮಾಡುವುದುಂಟು, ಬೆಲ್ಲು ಎಷ್ಟು ಹೊಡೆದುಕೊಂಡರೂ ಅಜ್ಜಿ ಬಾಗಿಲು ತೆಗೆಯುವುದಿಲ್ಲ, ಯಾರನ್ನು ಕೇಳಿಕೊಂಡು ಬಂದಿದ್ದಾರೋ ಅವರೇ ಹೋಗಬೇಕು ಎನ್ನುತ್ತಾಳೆ ಎಂದು. ಕಾರಣ ಅವಳಿಗೆ ಹೇಳಿಲ್ಲ. ಆ ಚಿಲಕ ತುಂಬ ಹಗುರವಾಗಿತ್ತು. ಹನ್ನೆರಡು ವರ್ಷದ ಹುಡುಗಿ ಒಂದೇ ಬೆರಳಲ್ಲಿ ಎತ್ತಬಹುದಾಗಿತ್ತು.