ಅವ್ವನಿಗೆ ಕೂಡಿಸಿದ ಹದಿನಾರು ವರ್ಷ

ನನ್ನ ಗಂಟಲಲ್ಲಿ ಬಾಡಿಗೆದಾರರು ಬಹಳ. ಕುಷ್ಟಗಿ ಬಸ್ಸಿನ ಕಂಡಕ್ಟರ್, ಮೂಗಿನಲ್ಲೇ ಮಂತ್ರ ಹೇಳುವ ಐನೋರು, ಗಂಗಾವತಿಯ ಸೋದರತ್ತೆ, ಎಲ್ಲರೂ ಅಲ್ಲೇ ಇದ್ದಾರೆ. ಯಲಬುರ್ಗಾ ಕಡೆಯ ಮದುವೆಗಳಲ್ಲಿ ಮೈಕ್ ಕೊಟ್ಟರೆ ಅವರ ದನಿ ತೆಗೆದು ಅರ್ಧ ತಾಸು ನಗಿಸುತ್ತೇನೆ. ಅಷ್ಟರಲ್ಲಿ ಊಟಕ್ಕೆ ಕರೆದರೆ ನಾನು, ಮೈಕು ಇಬ್ಬರೇ ಉಳಿಯುತ್ತೇವೆ. ನಿನ್ನ ಸ್ವಂತ ದನಿಯಲ್ಲಿ ಮಾತಾಡು ಎಂದು ಕೇಳಿದವನು ಅಪ್ಪ ಒಬ್ಬನೇ. ಅದೂ ಒಂದೇ ಸಲ.

ಎರಡು ವರ್ಷದ ಹಿಂದಿನ ಮಾತು. ಅಪ್ಪ ತಾವರಗೇರಾದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ; ಅರವತ್ತು ತುಂಬಿತ್ತು, ನಿವೃತ್ತಿಗೆ ಒಂದು ವಾರವಿತ್ತು. ಜೀವಮಾನದಲ್ಲಿ ಉಳಿಸಿದ್ದನ್ನೆಲ್ಲ ಒಂದು ವಿಮಾ ಕಂಪನಿಗೆ ಒಪ್ಪಿಸಿ ತಿಂಗಳ ಪಿಂಚಣಿ ಪಡೆಯುವುದೆಂದು ತೀರ್ಮಾನವಾಗಿತ್ತು. ಅರ್ಜಿಯಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದಕ್ಕೆ ಗುರುತು ಹಾಕಿದರೆ ಪಿಂಚಣಿ ಹೆಚ್ಚು, ಆದರೆ ಅಪ್ಪನ ಜೊತೆಗೇ ಅದೂ ನಿಲ್ಲುತ್ತದೆ. ಎರಡನೆಯದಕ್ಕೆ ಹಾಕಿದರೆ ಕಡಿಮೆ, ಆದರೆ ಅಪ್ಪನ ನಂತರ ಅವ್ವನಿಗೂ ಬರುತ್ತದೆ. ಅದಕ್ಕೆ ಅವ್ವನ ಫೋಟೊ, ಸಹಿ ಬೇಕು. ಒಮ್ಮೆ ಕೊಟ್ಟರೆ ಬದಲಾಯಿಸುವಂತಿಲ್ಲ.

ನಾನು ಶಾಣ್ಯಾ ಅಲ್ಲವೇ, ಫೋನಿನಲ್ಲಿ ಒಂದು ಸಿಮ್ಯುಲೇಟರ್ ಹುಡುಕಿದೆ. ಗಂಡಹೆಂಡಿರ ವಯಸ್ಸು, ಖರ್ಚು, ಯಾವ ಚೌಕದ ಪಿಂಚಣಿ ಎಂಬುದನ್ನು ತುಂಬಿದರೆ ಅದು ಅವರನ್ನು ಸಾವಿರ ಸಲ ಬದುಕಿಸಿ, ಸಾವಿರ ಸಲ ಸಾಯಿಸಿ ನೋಡುತ್ತದೆ. ಒಂದೊಂದು ಸಲಕ್ಕೂ ಇಬ್ಬರ ಹೆಸರಿನಲ್ಲಿ ಒಂದೊಂದು ಗೆರೆ. ಬದುಕು ಮುಗಿಯುವ ತನಕ ದುಡ್ಡು ಬಂದರೆ ಹಸಿರು, ನಡುವೆ ತೀರಿದರೆ ಕೆಂಪು.

ಅಪ್ಪ ಕನ್ನಡಕ ಏರಿಸಿ ನೋಡಿದ. “ನನ್ನ ಗೆರಿ ಇಲ್ಲೇ ಮುಗದೈತೇನು?”

“ಇದೊಂದರಾಗ ಮುಗದೈತ್ಯಪ್ಪ. ಈ ಇನ್ನೊಂದರಾಗ ನೋಡು, ತೊಂಬತ್ತು ದಾಟೀದಿ.”

“ಅದನ್ನ ಮೊದಲ ತೋರ್ಸಬೇಕಿಲ್ಲೋ ಮಗನ,” ಎಂದು ಚಹಾ ಕುಡಿಯಲು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಬದಿಗಿಟ್ಟು ಬಂದಳು. “ತಮ್ಮಾ, ನನ್ನ ಗೆರಿ ಯಾಕ ಅಷ್ಟುದ್ದ ಹೊಂಟೈತಿ?”

“ನೀ ಅಪ್ಪನಕಿಂತ ಹನ್ನೆರಡು ವರ್ಷ ಸಣ್ಣಾಕಿ. ಅದಕ್ಕ.”

“ಮುರಿ ಅದನ್ನ.”

“ಮುರಿಯಾಕ ಅದೇನು ಜ್ವಾಳದ ದಂಟೇನಬೇ?”

ಅವ್ವ ನಗಲಿಲ್ಲ. ಅಪ್ಪನ ಗೆರೆ ನಿಂತ ಮೇಲೂ ಒಂಟಿಯಾಗಿ ಸಾಗುವ ಆ ಗೆರೆಯನ್ನೇ ನೋಡುತ್ತಿದ್ದಳು. ಕೈ ತಾಳಿಯ ಮೇಲಿತ್ತು. “ನಾ ಮುತ್ತೈದಿಯಾಗಿ ಹೋಗಾಕಿ. ಎರಡನೇ ಚೌಕಕ್ಕ ಸಹಿ ಮಾಡಿದ್ರ ನಾನ ಕೈಯಾರೆ ನಿಮ್ಮಪ್ಪನ್ನ ಮುಂದ ಕಳಿಸಿದಂಗಾತು. ನಾ ಸಹಿ ಮಾಡಂಗಿಲ್ಲ, ಫೋಟೋನೂ ಕೊಡಂಗಿಲ್ಲ. ನೀ ನನ್ನ ವಯಸ್ಸು ಹೆಚ್ಚು ಮಾಡು.”

“ಎಷ್ಟು ಮಾಡ್ಲಿ?”

“ನಿಮ್ಮಪ್ಪನಕಿಂತ ದೊಡ್ಡಾಕಿ ಮಾಡು.”

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನವಲಿಯ ಸೋದರಮಾವನಿಗೆ ಶಾಲೆಯ ದಾಖಲೆ ಇದೆ, ಅವ್ವ ಅವನಿಗಿಂತ ಎರಡು ವರ್ಷ ಚಿಕ್ಕವಳು. ಹಾಗಾಗಿ ಅವಳ ನಲವತ್ತೆಂಟರಲ್ಲಿ ಅನುಮಾನವೇ ಇರಲಿಲ್ಲ. ನಾನು ಬೆರಳಿಟ್ಟು ಅರವತ್ತನಾಲ್ಕಕ್ಕೆ ಎಳೆದೆ. ಅವ್ವನ ಗೆರೆಗಳೆಲ್ಲ ಕುಡುಗೋಲು ತಾಗಿದಂತೆ ಮೋಟಾದವು. ಮುಪ್ಪಿನ ಅವ್ವ ಹೇಗೆ ಮಾತಾಡುತ್ತಾಳೆಂದು ದನಿ ನಡುಗಿಸಿ ತೋರಿಸಿದೆ. ಆಗ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ನನ್ನ ಬದುಕಿನ ಅರ್ಧ ಕೆಲಸಗಳು ಆ “ಆಮೇಲೆ”ಯಲ್ಲೇ ಕೂತಿವೆ.

ಅಪ್ಪ ಬಂದವನೇ ಕೇಳಿದ, “ಏನಂತೈತೋ ನಿನ್ನ ಪೆಟಗಿ? ಮೊದಲನೇ ಚೌಕ ಹಿಡದ್ರ ನಡೀತೈತೇನು?”

ಫೋನು ಪೂರ್ತಿ ಹಸಿರಾಗಿತ್ತು. ಬ್ಯಾಂಕಿನ ಫೋನಿನಲ್ಲಿ ಮಾತಾಡುವ ಹೆಂಗಸಿನ ದನಿ ತೆಗೆದು ಹೇಳಿದೆ: “ಅಭಿನಂದನೆಗಳು. ನಿಮ್ಮಿಬ್ಬರ ಭವಿಷ್ಯ ಸುರಕ್ಷಿತವಾಗಿದೆ.”

“ಖರೇನಾ? ನಿನ್ನ ದನೀಲೆ ಹೇಳು.”

ಅಪ್ಪನ ಹಿಂದೆ ಅವ್ವ ನಿಂತಿದ್ದಳು. ಮತ್ತೆ ಅದೇ ಹೆಂಗಸಿನ ದನಿಯಲ್ಲಿ, “ಖಚಿತಪಡಿಸಲಾಗಿದೆ. ಧನ್ಯವಾದಗಳು,” ಎಂದೆ. ಅಪ್ಪನಿಗೆ ನಗು ಬಂತು. ಮೊದಲನೇ ಚೌಕಕ್ಕೆ ಗುರುತು ಹಾಕಿದ. ಮರುದಿನ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ ಅರ್ಜಿ ಕೊಟ್ಟು ಬಂದ. ನಾನು ಏಳುವ ಹೊತ್ತಿಗೆ ಬಸ್ಸು ಹಿಟ್ನಾಳ ದಾಟಿತ್ತೇನೋ.

ಹೋದ ಚಳಿಗಾಲದಿಂದ ಅಪ್ಪನಿಗೆ ಕೆಮ್ಮು. ಗಂಗಾವತಿಯ ಡಾಕ್ಟರು ಎದೆಗೆ ಎರಡು ಸಲ ಕಿವಿಗೊಟ್ಟು, ಮಾತನ್ನು ಅಪ್ಪನಿಗೆ ಹೇಳುತ್ತ ನನ್ನ ಕಡೆ ನೋಡಿದರು. ಅಪ್ಪನ ಆಕಳಿಕೆ, ಕ್ಯಾಕರಿಕೆ, ಹೆಡ್ ಮಾಸ್ತರರನ್ನು ಕಂಡಾಗಿನ “ಬಂದೆ ಸರ್”, ಎಲ್ಲವನ್ನೂ ನಾನು ಮಾಡಬಲ್ಲೆ. ಆ ಕೆಮ್ಮು ಮಾತ್ರ ಬರುವುದಿಲ್ಲ. ಒಮ್ಮೆ ಒಬ್ಬನೇ ಇದ್ದಾಗ ಪ್ರಯತ್ನಿಸಿದೆ, ಅರ್ಧಕ್ಕೇ ಬಿಟ್ಟೆ.

ಡಾಕ್ಟರ ಕಡೆಯಿಂದ ಬಂದ ದಿನವೇ ಅವ್ವನ ನಿಜವಾದ ವಯಸ್ಸು ತುಂಬಿ ಸಿಮ್ಯುಲೇಟರ್ ಓಡಿಸಿದೆ. ಗೆರೆಗಳು ಒಂದೊಂದಾಗಿ ಕೆಂಪಾಗುತ್ತ ಹೋದವು. ಹಸಿರು ಎಲ್ಲೋ ಅಲ್ಲೊಂದು ಇಲ್ಲೊಂದು. ಅಪ್ಪ ನಿಂತಲ್ಲಿಂದ ಅವ್ವ ಒಬ್ಬಳೇ, ಬರಿಗೈಲಿ, ಪರದೆಯ ಅಂಚಿನವರೆಗೂ.

ಕಳೆದ ವಾರ ಕಂಪನಿಯಿಂದ ಸಂದೇಶ ಬಂತು: ವರ್ಷಕ್ಕೊಮ್ಮೆ ಪಿಂಚಣಿದಾರ ಬದುಕಿದ್ದಾನೆಂದು ಫೋನಿನಲ್ಲಿ ಮುಖ ತೋರಿಸಬೇಕು. ಬೆಳಿಗ್ಗೆ ಅಂಗಳದಲ್ಲಿ ಅಪ್ಪನನ್ನು ಕೂರಿಸಿದೆ. ಮುಖದ ಸುತ್ತ ಒಂದು ದುಂಡಗಿನ ಗೆರೆ ಬಂತು. ಕಣ್ಣು ಮಿಟುಕಿಸಿದರೆ ಅದು ಹಸಿರಾಗಬೇಕು. ಅಪ್ಪ ಕೆಮ್ಮಿದ, ಮುಖ ಗೆರೆಯಿಂದ ಆಚೆ ಹೋಯಿತು. ಕೆಂಪು.

“ಸತ್ತೀನಿ ಅಂತೈತೇನು?” ಅಪ್ಪ ನಗಲು ನೋಡಿದ. “ಆ ಬ್ಯಾಂಕಿನ ಹೆಣ್ಮಗಳ ದನಿ ತಗೀಲೇ. ಆಕಿ ಹೇಳಿದ್ರ ಕೇಳತೈತಿ.”

“ಗಂಟಲ ಸರಿಯಿಲ್ಲಪ್ಪ.”

ಎರಡನೇ ಸಲವೂ ಕೆಮ್ಮು, ಕೆಂಪು. ಅವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ಕೈಗೆ ಹತ್ತಿದ ಹಿಟ್ಟನ್ನೂ ಒರೆಸಿರಲಿಲ್ಲ.

“ತಮ್ಮಾ, ನನ್ನ ಖರೇ ವಯಸ್ಸು ಹಾಕಿ ನೋಡಿದೇನು?” ಮೆಲ್ಲಗೆ ಕೇಳಿದಳು.

ಹೌದೆಂದು ತಲೆಯಾಡಿಸಿದೆ. ಎಷ್ಟು ಕೆಂಪು ಎಂದು ಅವಳು ಕೇಳಲಿಲ್ಲ. ಬಂದು ಅಪ್ಪನ ಹಿಂದೆ ಕೂತು ಎರಡೂ ಕೈಯಲ್ಲಿ ಅವನ ತಲೆ ಹಿಡಿದಳು, ಅಲುಗದಂತೆ. ಕಿವಿಯ ಮೇಲೆ ಹಿಟ್ಟು ಮೆತ್ತಿತು.

“ಕಣ್ಣ ಮಿಟಕಸ್ರಿ,” ಎಂದಳು. “ಇನ್ನೊಮ್ಮೆ ಮಿಟಕಸ್ರಿ.”

ಅಪ್ಪ ಕೆಮ್ಮು ತಡೆಹಿಡಿದಿದ್ದ, ಕುತ್ತಿಗೆಯ ನರ ಉಬ್ಬಿತ್ತು. ನಾನು ಫೋನು ಹಿಡಿದು ನಿಂತಿದ್ದೆ. ಮುಖದ ಸುತ್ತಲಿನ ಗೆರೆ ಹಸಿರೂ ಆಗದೆ, ಕೆಂಪೂ ಆಗದೆ ಇನ್ನೂ ಸುತ್ತುತ್ತಿತ್ತು.