ಉಪ್ಪಿನ ಟೆಂಪೊ ಬರುವವರೆಗೆ

ರಬ್ಬರ್ ಗೊಂಬೆಯ ಬಾಯನ್ನು ಸ್ಪಿರಿಟ್ಟಿನಿಂದ ಒರೆಸಿದ ವಾಸನೆ. ಮೊನ್ನೆ ಜಮಖಂಡಿಯ ಈಜುಕೊಳದಲ್ಲಿ, ಎದೆ ಒತ್ತಿ ಉಸಿರು ಮರಳಿಸುವ ನನ್ನ ಸಿಪಿಆರ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತೆಂದು ಮತ್ತೆ ಪರೀಕ್ಷೆಗೆ ಬಗ್ಗಿದಾಗ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ದೋಣಿ ಕಾಕಾ ನೆನಪಾದರು...

ಬೀಳಗಿ ಕಡೆಯ ನಮ್ಮೂರಲ್ಲಿ ಅವರು ಕೃಷ್ಣೆಯಲ್ಲಿ ದೋಣಿ ನಡೆಸುತ್ತಿದ್ದರು. ಅರ್ಧ ಊರಿಗೆ ಈಜು ಕಲಿಸಿದವರೂ ಅವರೇ. ಕೆಲವು ವರ್ಷಗಳ ಹಿಂದೆ ಜೀವರಕ್ಷಕರ ತರಬೇತಿಗೆ ಇಬ್ಬರೂ ಕೂಡಿಯೇ ಹೋದೆವು. ಗೊಂಬೆಯ ಎದೆಯನ್ನು ಅವರಷ್ಟು ಚೆನ್ನಾಗಿ ಒತ್ತಿದವರು ಇನ್ನೊಬ್ಬರಿರಲಿಲ್ಲ. ಆದರೆ ಕೊನೆಗೆ ಬರೆಯುವ ಪರೀಕ್ಷೆ ಇತ್ತು, ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ. ಸರ್ಟಿಫಿಕೇಟು ನನಗೆ ಸಿಕ್ಕಿತು. ಅವರಿಗೆ ಚಹಾ ಕುಡಿಸಿ ಕಳಿಸಿದರು.

"ಕಾಗದಾ ನಿನ್ನ ಕಡೆ ಇರ್ಲಿ ಬಿಡಲೇ, ಕೈ ನನ್ನ ಕಡೆ ಅದಾವ," ಎಂದು ನಕ್ಕಿದ್ದರು.

ಅದೇ ಬೇಸಿಗೆಯಲ್ಲಿ ಕೌದಿ ಒಗೆಯಲು ಬಂದ ಹೆಣ್ಣುಮಗಳೊಬ್ಬಳು ಕಾಲು ಜಾರಿ ಮಡುವಿಗೆ ಬಿದ್ದಳು. ಕಾಕಾ ಜಿಗಿದು ಎಳೆದು ತಂದರು, ದಂಡೆಯ ಮೇಲೆ ಮಲಗಿಸಿ ಎದೆ ಒತ್ತತೊಡಗಿದರು. ಅಷ್ಟರಲ್ಲಿ ಊರೇ ನೆರೆಯಿತು, ನಾನೂ ಓಡಿ ಬಂದೆ. ನೀರಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ, ಉಪ್ಪು ನೀರು ಹೀರಿ ಜೀವ ಬರುತ್ತದೆಂಬ ವಿಡಿಯೋ ಆಗ ಎಲ್ಲರ ಮೊಬೈಲಿನಲ್ಲೂ ಇತ್ತು. ಉಪ್ಪು ತರಲು ಟೆಂಪೊ ಓಡಿತು.

"ಎದಿ ಮುರೀತಿಯೇನೋ ಮುದುಕಾ, ಬಿಡು! ನೀ ಏನ್ ಡಾಕ್ಟರ್ ಅದೀ?" ಎಂದು ಆಕೆಯ ಅಣ್ಣ ಕಾಕಾನ ಭುಜ ಹಿಡಿದು ಜಗ್ಗಿದ.

ಕಾಕಾ ನನ್ನತ್ತ ತಿರುಗಿದರು. "ಇಂವಾ ಸರ್ಟಿಫಿಕೇಟ್ ತಗೊಂಡಾನ, ಇವನ್ನ ಕೇಳ್ರಿ... ಹೇಳಲೇ ತಮ್ಮಾ, ಹೇಳು!"

ಪಕ್ಕೆಲುಬು ಮುರಿದರೂ ಒತ್ತುವುದನ್ನು ಬಿಡಬಾರದೆಂದು ನಾನು ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆಕೆ ಉಳಿಯದಿದ್ದರೆ ಕಾಗದವಿದ್ದವನ ಮೇಲೆಯೇ ಕೇಸು ಬೀಳುತ್ತದೆಂಬ ಪುಕ್ಕಲುತನ. "ಹಿರ್ಯಾರು ಹೇಳಿದಂಗ ಮಾಡ್ರಿ," ಅಂದೆ. ಥೂ, ನನ್ನ ಬಾಯಿಗೆ ಮಣ್ಣು ಬೀಳಲಿ! ನಾಲ್ವರು ಸೇರಿ ಕಾಕಾನನ್ನು ಎಳೆದು ಕೂರಿಸಿದರು. ಟೆಂಪೊ ಬಂದ ಮೇಲೆ ಮುಖವೊಂದನ್ನು ಬಿಟ್ಟು ಆಕೆಯನ್ನು ಉಪ್ಪಿನಲ್ಲಿ ಮುಚ್ಚಿದರು. ನಾಲ್ಕು ತಾಸು ಕಾದರು. ಆಕೆ ಏಳಲಿಲ್ಲ.

ಒತ್ತುತ್ತಲೇ ಇದ್ದಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ದೇವರಿಗೇ ಗೊತ್ತು. ಕಾಕಾ ಮಾತ್ರ ಆಮೇಲೆ ನನ್ನೊಡನೆ ಮಾತಾಡಲಿಲ್ಲ. ನಾನು ದೋಣಿ ಹತ್ತಿದರೆ ಮುಖ ಆಚೆ ತಿರುಗಿಸಿ ಹುಟ್ಟು ಹಾಕುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ.

ಮೊನ್ನೆ ಪರೀಕ್ಷೆ ಮುಗಿದ ಮೇಲೆ ತರಬೇತಿಯವರು ಕೇಳಿದರು, "ಇದನ್ನ ಖರೇನ ಯಾರಿಗರೆ ಮಾಡೀರೇನ್ರಿ?"

"ಇಲ್ರಿ ಸರ್, ಅಂಥಾ ಪ್ರಸಂಗ ಬಂದಿಲ್ರಿ," ಅಂದೆ.

ಸಹಿ ಮಾಡಿ ಕೊಟ್ಟರು. ಸುಳ್ಳ ಎಂದು ಬೈಯುವುದಕ್ಕಾದರೂ ಕಾಕಾ ಇರಬೇಕಿತ್ತು.