ಕೂಸಿನ ಮೂಗಿಗೆ ಹೊಟ್ಟಿನ ಹೊಗೆ

ನಮ್ಮ ಮನೆಯ ಅಗ್ಗಿಷ್ಟಿಗೆ ಬೊಗಸೆಯಗಲದ ಮಣ್ಣಿನ ಪಾತ್ರೆ. ಆದರೆ ಅದಕ್ಕಿದ್ದ ಅಧಿಕಾರ ಮನೆಯ ಯಜಮಾನನಾದ ನನಗಿರಲಿಲ್ಲ. ಕೂಸಿಗೆ ನೀರೆರೆದ ಮೇಲೆ ಅದರಲ್ಲಿ ಸಗಣಿ ಕುಳ್ಳಿನ ಕೆಂಡ ಹಾಕಿ, ಲೋಬಾನ ಉದುರಿಸಿ, ಕೂಸಿಗೆ ಹೊಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ನನ್ನ ಅವ್ವ ಈ ಶಾಸ್ತ್ರದ ಪೀಠಾಧಿಪತಿ.

ನಮ್ಮೂರು ಸಾಲಗುಂದಕ್ಕೆ ಕಾಲುವೆಯ ನೀರು ಬಂದು ಜೋಳದ ಹೊಲಗಳು ಗದ್ದೆಗಳಾದ ಹೊಸತು. ಭತ್ತದ ಬೆನ್ನಿಗೆ ಹೊಟ್ಟೂ ರಾಶಿ ಬಿತ್ತು. ಇಷ್ಟು ಪುಕ್ಕಟೆ ಸಿಕ್ಕ ವಸ್ತುವನ್ನು ಒಲೆಗಷ್ಟೇ ಕಾದಿರಿಸುವುದು ಅವ್ವನ ಉದಾರ ಮನಸ್ಸಿಗೆ ಒಗ್ಗಲಿಲ್ಲ. ಅಗ್ಗಿಷ್ಟಿಗೆಗೂ ಒಂದು ಹಿಡಿ ಸುರಿದಳು. ಕುಳ್ಳಿನ ಹೊಗೆ ಬಂದುಹೋಗುವ ನೆಂಟ. ಹೊಟ್ಟಿನ ಹೊಗೆ ಮನೆಯಳಿಯ, ಎದ್ದು ಹೋಗುವ ಮಾತೇ ಇಲ್ಲ.

ಆ ದಿನಗಳಲ್ಲೇ ಎರಡು ತಿಂಗಳ ನನ್ನ ಮಗಳು ಬಾಯಿ ತೆರೆದು ಉಸಿರಾಡತೊಡಗಿದಳು. ಬಾಯಿ ತೆರೆದು ಮಲಗುವುದು ಮಹಾಪರಾಧವೇನಲ್ಲ. ಮಧ್ಯಾಹ್ನದ ಹೊತ್ತು ನಾನೂ ಅದನ್ನು ನಿಷ್ಠೆಯಿಂದ ಆಚರಿಸುವವನೇ. ಆದರೆ ಕೂಸಿನ ಸಂಕಟ ಬೇರೆ: ಮೊಲೆ ಹಿಡಿದರೆ ಉಸಿರಿಲ್ಲ, ಉಸಿರೆಳೆದರೆ ಹಾಲಿಲ್ಲ. ಅದರ ಕೆನ್ನೆ ಇಳಿಯುತ್ತ ಬಂತು.

“ಅತ್ತೀ, ನಾಕು ಗುಟುಕು ಕುಡೀತೈತಿ, ಬಿಟ್ಟು ಅಳತೈತಿ,” ಎಂದಳು ನನ್ನ ಹೆಂಡತಿ.

“ಮೂಗು ಕಟ್ಟೇತಿ ಬಿಡಬೇ. ಹೊಗಿ ಸಾಲವಲ್ದು,” ಎಂದಳು ಅವ್ವ. ಇನ್ನೊಂದು ಹಿಡಿ ಹೊಟ್ಟು ಬಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ಸಿಂಧನೂರಿನ ಬಂಡಿ ಹತ್ತಿದಳು. ನಾನೂ ಅವ್ವನೂ ಹಿಂಬಾಲಕರಾದೆವು. ಅಲ್ಲಿನ ಡಾಕ್ಟರು ಹತ್ತಿಯ ಒಂದು ಎಳೆಯನ್ನು ಕೂಸಿನ ಮೂಗಿನ ಮುಂದೆ ಹಿಡಿದರು, ಅದು ಅಲುಗಲಿಲ್ಲ. ಬಾಯಿಯ ಮುಂದೆ ಹಿಡಿದರು, ಕುಣಿಯಿತು.

“ಮನ್ಯಾಗ ಹೊಗಿ ಹಾಕ್ತೀರೇನ್ರಿ?”

“ಹಾಕದ ಬಿಡ್ತೀವೇನ್ರಿ ಸಾಹೇಬ್ರ? ಎರಡೂ ಹೊತ್ತು!” ಎಂದಳು ಅವ್ವ, ಬಹುಮಾನ ಬಂತೆಂಬಂತೆ.

“ಅದಕ್ಕ ಮೂಗು ಒಳಗ ಬಾತೈತಿ, ಯವ್ವಾ. ಇಷ್ಟು ಸಣ್ಣ ಕೂಸಿಗೆ ಉಸಿರಿನ ಹಾದಿ ಮೂಗು. ಬಾಯಿ ತೆರದಿದ್ರೂ ಮೂಗಿನಾಗ ಉಸಿರು ಸಲೀಸ್ ಆಡಿದ್ರ ಚಿಂತಿಲ್ಲ. ಹಾಲು ಬಿಟ್ಟು ಬಿಟ್ಟು ಅಳತೈತಿ, ಸೊರಗತೈತಿ ಅಂದ್ರ ಕರಕೊಂಡು ಬರ್ರಿ. ಉಸಿರೆಳೆದಾಗ ಪಕ್ಕಿ ಎಲುಬು ಒಳಗ ಜಗ್ಗಿದ್ರ, ತುಟಿ ನೀಲಿಯಾದ್ರ, ಬಂಡಿ ಹೂಡ್ಕೋತ ಕುಂದರಬ್ಯಾಡ್ರಿ. ಸಿಕ್ಕ ಲಾರಿ ಹತ್ರಿ. ಹೊಗಿ ಮಾತ್ರ ಬಂದ್. ಲೋಬಾನದ್ದೂ ಬ್ಯಾಡ.”

ಮೂಗಿಗೆ ಹನಿಸಲು ಉಪ್ಪುನೀರಿನ ಔಷಧ ಕೊಟ್ಟರು. ಊರು ಮುಟ್ಟಿದೊಡನೆ ಅವ್ವ ತಾನೇ ಅಗ್ಗಿಷ್ಟಿಗೆಯನ್ನು ಬೋರಲು ಹಾಕಿದಳು. ನಮ್ಮ ವಂಶದ ಇತಿಹಾಸದಲ್ಲಿ ಅಂಥದ್ದು ಹಿಂದೆ ನಡೆದ ದಾಖಲೆಯಿಲ್ಲ.

ಪದ್ಧತಿಯೆಂಬುದು ಬಹುಮಟ್ಟಿಗೆ ಅಕ್ಕರೆಯೇ. ಅಕ್ಕರೆಗೆ ಕಣ್ಣುರಿಯುವುದಿಲ್ಲವಾದ್ದರಿಂದ ಹೊಗೆ ಎಷ್ಟಾಯಿತೆಂದು ಅದಕ್ಕೆ ತಿಳಿಯುವುದಿಲ್ಲ. ಹೊಗೆ ನಿಂತ ಕೆಲವು ದಿನಗಳಲ್ಲಿ ಒಂದು ಸಂಜೆ, ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಅವ್ವ ತೊಟ್ಟಿಲ ಬಳಿ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಹತ್ತಿಯ ಎಳೆಯೊಂದನ್ನು ಕೂಸಿನ ಮೂಗಿಗೆ ಹಿಡಿದಳು. ಎಳೆ ಅಲುಗಿತು. ಅವ್ವ ತನ್ನ ಉಸಿರನ್ನೂ ಆಗಲೇ ಬಿಟ್ಟಳು. ಕೂಸು ಎದ್ದು, ನಡುವೆ ಒಮ್ಮೆಯೂ ಬಿಡದೆ, ಹೊಟ್ಟೆ ತುಂಬ ಹಾಲು ಕುಡಿಯಿತು.

ಅಗ್ಗಿಷ್ಟಿಗೆ ಮಾತ್ರ ನಿವೃತ್ತಿಯಾಗಲಿಲ್ಲ. ಕಾಲುವೆ ತಂದ ಸೊಳ್ಳೆಗಳ ನೆಪದಲ್ಲಿ ಹಿತ್ತಲ ಕೊಟ್ಟಿಗೆಗೆ ವರ್ಗವಾಗಿ, ಅವ್ವನ ಕೈಯಿಂದಲೇ ಎಮ್ಮೆಯ ಸೇವೆಗೆ ನಿಂತಿತು.

“ಇದರ ಮೂಗು ದೊಡ್ಡದೈತಿ,” ಎಂದಳು ಅವ್ವ. “ತಡಕೋತೈತಿ.”